ಎರಡೂ ಮನೆಯ ಬೇವು

ಆದೋನಿ ಹತ್ತಿರದ ಪೆದ್ದಹರಿವಾಣಂ ಕಡೆಯ ಹಳ್ಳಿಗಳಲ್ಲಿ ಪಂಚಾಯ್ತಿ ಮಾಡುವ ಹಿರಿಯರಿಗೆ ಸಂಬಳವಿಲ್ಲ. ಬದು ಒತ್ತಿದ ತಕರಾರು, ಅಣ್ಣತಮ್ಮಂದಿರ ಪಾಲು, ಹತ್ತಿ ಮಾರಿದ ಹಣದ ಲೆಕ್ಕ ಎಲ್ಲವೂ ಅವರ ಮುಂದೆ ಬರುತ್ತವೆ. ಎರಡೂ ಕಡೆಯ ಸಿಟ್ಟು ಅವರ ಮೇಲೇ ಬೀಳುತ್ತದೆ. 1953ರಲ್ಲಿ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಕಚೇರಿಯ ಕಾಗದ ತೆಲುಗಾಯಿತು, ಎಷ್ಟೋ ಮನೆಗಳ ಜಗಳ ಕನ್ನಡದಲ್ಲೇ ಉಳಿಯಿತು. ಎರಡೂ ಭಾಷೆ ಬಲ್ಲ ಹಿರಿಯರು ಊರಿಗೆ ದೊಡ್ಡ ಆಸರೆ.

ಇಂಥವರಿಗೆ ಯುಗಾದಿಗೆ ಏನೆಂದು ಹಾರೈಸಬೇಕು? ಬೇವು ತಿನ್ನುವಾಗಿನ ಶ್ಲೋಕ ನೂರು ವರ್ಷದ ಆಯುಸ್ಸು, ವಜ್ರದಂಥ ದೇಹ, ಸಂಪತ್ತು ಬೇಡುತ್ತದೆ. ಅದು ಎಲ್ಲರಿಗೂ ಸಲ್ಲುವ ಹಾರೈಕೆ. ‘ನಿಮ್ಮ ಮಾತೇ ಗೆಲ್ಲಲಿ’ ಎನ್ನುವುದು ಸಲ್ಲದು. ಗೆಲ್ಲುವುದು ಅವರ ಕೆಲಸವೇ ಅಲ್ಲ. ‘ಜಗಳವೇ ಬಾರದಿರಲಿ’ ಎಂದರೆ ಒಳ್ಳೆಯ ಆಸೆ, ಹೊಲಕ್ಕೆ ಬದು ಇರುವ ತನಕ ಆಗದ ಮಾತು. ನನ್ನ ಮನಸ್ಸಿಗೆ ಹಿಡಿಸುವುದು ಇದು: ‘ದೊಡ್ಡಪ್ಪಾ, ಈ ವರ್ಷ ಎರಡೂ ಮನಿಯಿಂದ ನಿಮಗ ಬೇವು ಬರಲಿ.’ ರಾಜಿ ಒಂದು ಕಡೆ ವಾಲಿದ್ದರೆ, ಜಗಳವಾಡಿದ ಎರಡರಲ್ಲಿ ಒಂದು ಮನೆಯ ಬೇವಿನ ಬಟ್ಟಲು ಬರುವುದಿಲ್ಲ. ಅವರ ಇಡೀ ವರ್ಷದ ಕೆಲಸದ ಅಳತೆ ಅಲ್ಲಿದೆ.

2023ರ ಮಧ್ಯಸ್ಥಿಕೆ ಕಾಯ್ದೆ ಊರಿನ ನೆಮ್ಮದಿ ಕೆಡಿಸಬಹುದಾದ ವ್ಯಾಜ್ಯಗಳಿಗೆ ಮೂವರು ಮಧ್ಯಸ್ಥರಿರಬೇಕೆಂದು ಹೇಳುತ್ತದೆ. ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದು ಎನ್ನುತ್ತದೆ. ಹಾಗಾಗಿ ಈ ಹಿರಿಯರಿಗೂ ಗುಟ್ಟು ಕಾಯುವ ನಾಲಿಗೆಯನ್ನೂ ಹಾರೈಸಬೇಕು.

ಈ ಯುಗಾದಿಗೆ ನಿಮ್ಮೂರಿನ ಅಂಥ ಹಿರಿಯರ ಮನೆಗೆ ಹೋಗಿ ಬನ್ನಿ. ನಿಮ್ಮ ವ್ಯಾಜ್ಯ ಅವರ ಮುಂದೆ ಬಗೆಹರಿದಿದ್ದರೆ, ಆ ಕಡೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.