ಮುಳ್ಳಿನ ಮೀಟರಿಗೆ ಮೇಜಿನ ಮೇಲೊಂದು ಜಾಗ

ನೂರು ಮೈಕ್ರೋಫ್ಯಾರಡ್‌ನ ಒಂದು ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ತೆಗೆದುಕೊಳ್ಳಿ. ಎರಡು ಕಾಲುಗಳ ನಡುವೆ ಒಂದು ಕಿಲೋ ಓಮ್ ರೆಸಿಸ್ಟರ್ ಹಿಡಿದು ಒಳಗಿರುವ ಚಾರ್ಜ್ ಇಳಿಸಿ. ಮುಳ್ಳಿನ ಮಲ್ಟಿಮೀಟರನ್ನು ಓಮ್ಸ್‌ನ ×1ಕೆ ರೇಂಜಿಗೆ ತಿರುಗಿಸಿ, ಕಪ್ಪು ಪ್ರೋಬನ್ನು ಪ್ಲಸ್ ಕಾಲಿಗೂ ಕೆಂಪನ್ನು ಮೈನಸ್ ಕಾಲಿಗೂ ಮುಟ್ಟಿಸಿ. ಮುಳ್ಳು ಎಡದಿಂದ ಎದ್ದು ಬಲತುದಿಯ ಸೊನ್ನೆಯ ಹತ್ತಿರಕ್ಕೆ ಹಾರುತ್ತದೆ. ಅಲ್ಲಿಂದ ನಿಧಾನವಾಗಿ ಹಿಂದಿರುಗುತ್ತದೆ. ಎಡಕ್ಕೆ ಸರಿದಷ್ಟೂ ಅದರ ನಡೆ ಇನ್ನೂ ನಿಧಾನ. ಸ್ಕೇಲಿನ ನಟ್ಟನಡುವೆ 20 ಎಂದು ಬರೆದಿರುವ ಮೀಟರಾದರೆ ಈ ರೇಂಜಿನಲ್ಲಿ ಅದರ ಒಳ ರೆಸಿಸ್ಟೆನ್ಸ್ 20 ಕಿಲೋ ಓಮ್. ಅದನ್ನು 100 ಮೈಕ್ರೋಫ್ಯಾರಡ್‌ನಿಂದ ಗುಣಿಸಿದರೆ ಬರುವುದು 2 ಸೆಕೆಂಡ್. ಹಾಗಾಗಿ ಮುಳ್ಳು ಸ್ಕೇಲಿನ ನಡುವಿಗೆ ಬರಲು ಸುಮಾರು ಒಂದೂವರೆ ಸೆಕೆಂಡ್ ಬೇಕು, ಎಡತುದಿ ಸೇರಲು ಹತ್ತು ಸೆಕೆಂಡಿನ ಆಸುಪಾಸು.

ಈ ಹತ್ತು ಸೆಕೆಂಡಿನಲ್ಲಿ ಕಂಡೆನ್ಸರಿನ ಜಾತಕವೇ ತಿಳಿಯುತ್ತದೆ. ಮುಳ್ಳು ಅಲುಗಾಡದಿದ್ದರೆ ಒಳಗೆ ಕಾಲು ಕಳಚಿದೆ. ಹಾರಿದ್ದು ಅಲ್ಲೇ ನಿಂತರೆ ಶಾರ್ಟ್. ಅದೇ ಬೆಲೆಯ ಹೊಸದೊಂದನ್ನು ಪಕ್ಕದಲ್ಲಿಟ್ಟು ನೋಡಿದಾಗ ಹಳೆಯದರ ಮುಳ್ಳು ಅರ್ಧ ಹೊತ್ತಿನಲ್ಲೇ ವಾಪಸಾದರೆ, ಅದು ಒಣಗಿದೆ. ಹಿಂದಿರುಗುತ್ತಾ ಬಂದು ದಾರಿಯ ಮಧ್ಯದಲ್ಲೆಲ್ಲೋ ನಿಂತುಬಿಟ್ಟರೆ ಲೀಕ್ ಇದೆ. ಈ ಕೊನೆಯದು ಮುಖ್ಯ. ಕಂಡೆನ್ಸರ್ ಅಳೆಯುವ ಸೌಲಭ್ಯವಿರುವ ಡಿಜಿಟಲ್ ಮೀಟರ್ ಎಷ್ಟು ಮೈಕ್ರೋಫ್ಯಾರಡ್ ಎಂದು ಹೇಳುತ್ತದೆ, ಲೀಕ್ ಇದೆಯೇ ಎಂದು ಹೇಳುವುದಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಎಸ್‌ಎಂಪಿಎಸ್ ಸಪ್ಲೈಗಳನ್ನು ಕೆಡಿಸುವ ಇಎಸ್‌ಆರ್ ದೋಷ ಈ ಎರಡರಲ್ಲೂ ಕಾಣುವುದಿಲ್ಲ. ಅದಕ್ಕೆ ಬೇರೆ ಮೀಟರೇ ಬೇಕು.

ಡಿಜಿಟಲ್ ಬಂದು ಇಷ್ಟು ವರ್ಷವಾದ ಮೇಲೂ ರಿಪೇರಿ ಮೇಜುಗಳ ಮೇಲೆ ಮುಳ್ಳಿನ ಮೀಟರ್ ಉಳಿದಿರುವುದಕ್ಕೆ ಹಳೆಯದರ ಮೋಹ ಕಾರಣ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ವೋಲ್ಟೇಜ್ ಎಷ್ಟಿದೆ ಎಂಬುದು ಒಂದು ಪ್ರಶ್ನೆ, ಅದು ಹೇಗೆ ನಡೆದುಕೊಳ್ಳುತ್ತಿದೆ ಎಂಬುದು ಇನ್ನೊಂದು. ಕೆಟ್ಟ ಸರ್ಕ್ಯೂಟಿನ ಮುಂದೆ ಕೂತವನಿಗೆ ಮೊದಲು ಬೇಕಾಗುವುದು ಎರಡನೆಯದಕ್ಕೆ ಉತ್ತರ.

ಅಗ್ಗದ ಡಿಜಿಟಲ್ ಮೀಟರುಗಳ ಹೊಟ್ಟೆಯಲ್ಲಿರುವುದು 7106 ಎಂಬ ಐಸಿ ಅಥವಾ ಅದರ ನಕಲು. ಅದು ಸೆಕೆಂಡಿಗೆ ಎರಡು ಮೂರು ಸಲ ಅಳೆದು ಅಂಕಿ ತೋರಿಸುತ್ತದೆ. ಹರಿದಾಡುವ ವೋಲ್ಟೇಜಿಗೆ ಪ್ರೋಬ್ ಇಟ್ಟರೆ 11.84, 12.31, 11.07 ಎಂದು ಸಂಬಂಧವಿಲ್ಲದ ಸಂಖ್ಯೆಗಳು ಒಂದರ ಹಿಂದೊಂದು ಬರುತ್ತವೆ. ಅವುಗಳನ್ನು ಕೂಡಿಸಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯುವ ಹೊತ್ತಿಗೆ ಪ್ರೋಬ್ ಜಾರಿರುತ್ತದೆ. ಮುಳ್ಳಾದರೆ ಓದಬೇಕಾಗಿಯೇ ಇಲ್ಲ. ಕಣ್ಣು ಬೋರ್ಡಿನ ಮೇಲಿದ್ದರೂ ಓರೆನೋಟಕ್ಕೆ ಅದರ ಚಲನೆ ಸಿಗುತ್ತದೆ.

ಕರಕರ ಎನ್ನುವ ವಾಲ್ಯೂಮ್ ಕಂಟ್ರೋಲನ್ನೇ ನೋಡಿ. ನಡುವಿನ ಕಾಲಿಗೂ ಒಂದು ಬದಿಯ ಕಾಲಿಗೂ ಪ್ರೋಬ್ ಹಚ್ಚಿ, ಗುಂಡಿಯನ್ನು ಮೆಲ್ಲಗೆ ತಿರುಗಿಸಿದರೆ ಮುಳ್ಳು ಜೊತೆಜೊತೆಗೆ ಸಾಗುತ್ತದೆ. ಕಾರ್ಬನ್ ಪಟ್ಟಿ ಸವೆದ ಜಾಗ ಬಂದ ತಕ್ಷಣ ಬೆಚ್ಚಿದಂತೆ ಒಮ್ಮೆ ಎಡಕ್ಕೆ ಬಿದ್ದು ಏಳುತ್ತದೆ. ಡ್ರೈ ಸೋಲ್ಡರ್ ಹುಡುಕುವಾಗಲೂ ಇದೇ ಉಪಾಯ: ಸಂಶಯದ ಜಾಗದಲ್ಲಿ ಪ್ರೋಬ್ ಸಿಕ್ಕಿಸಿ, ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಬೋರ್ಡನ್ನು ಅಲ್ಲಲ್ಲಿ ತಟ್ಟುತ್ತಾ ಹೋದರೆ ಮುಳ್ಳು ನಡುಗಿದ ಕಡೆ ಕಾಯಿಲೆ. ರೇಡಿಯೋದ ಐಎಫ್‌ಟಿ ಟ್ಯೂನ್ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೋರ್ ತಿರುಗಿಸುತ್ತಾ ಹೋದಂತೆ ಮುಳ್ಳು ಏರಿ, ಒಂದು ಶಿಖರ ಮುಟ್ಟಿ, ಇಳಿಯತೊಡಗುತ್ತದೆ; ಶಿಖರಕ್ಕೆ ವಾಪಸ್ ತಂದು ನಿಲ್ಲಿಸಿದರೆ ಕೆಲಸ ಮುಗಿಯಿತು. ಅಲ್ಲಿ ಎಷ್ಟು ವೋಲ್ಟ್ ಇತ್ತೆಂದು ಯಾರೂ ಕೇಳುವುದಿಲ್ಲ. ಡಿಜಿಟಲ್ ತಯಾರಕರಿಗೂ ಈ ಕೊರತೆ ಗೊತ್ತು. ಫ್ಲೂಕ್ ಕಂಪನಿ 1983ರಲ್ಲಿ ತಂದ 70 ಸರಣಿಯ ಮೀಟರುಗಳಲ್ಲಿ ಅಂಕಿಯ ಕೆಳಗೆ ಗೆರೆಗಳ ಪಟ್ಟಿಯೊಂದನ್ನು ಓಡಿಸಿತು. ಇಂದಿಗೂ ಒಳ್ಳೆಯ ಡಿಜಿಟಲ್ ಮೀಟರುಗಳಲ್ಲಿ ಆ ಪಟ್ಟಿ ಇರುತ್ತದೆ. ಉಪಯೋಗಕ್ಕೆ ಬರುತ್ತದೆ, ಆದರೆ ಗೆರೆಗೂ ಗೆರೆಗೂ ನಡುವೆ ಅದು ಹಾರುತ್ತದೆ, ಹರಿಯುವುದಿಲ್ಲ.

ಒಳಗಿರುವ ಯಂತ್ರ ಮೂವಿಂಗ್ ಕಾಯಿಲ್. 1882ರಲ್ಲಿ ಫ್ರಾನ್ಸಿನ ವೈದ್ಯವಿಜ್ಞಾನಿ ಜಾಕ್ ದಾರ್ಸೊನ್‌ವಾಲ್, ಎಂಜಿನಿಯರ್ ಮಾರ್ಸೆಲ್ ದೆಪ್ರೆ ಜೊತೆ ಸೇರಿ ಇದರ ಮೂಲ ರೂಪವನ್ನು ಮಾಡಿದ. ಪ್ರಯೋಗಾಲಯದ ಆ ನಾಜೂಕಿನ ಸಾಧನವನ್ನು ಹೊತ್ತೊಯ್ಯಬಹುದಾದ ಮೀಟರಾಗಿಸಿದ ಕೀರ್ತಿ ಅಮೆರಿಕದ ಎಡ್ವರ್ಡ್ ವೆಸ್ಟನ್‌ನದು. ಕಾಯಂ ಮ್ಯಾಗ್ನೆಟ್ಟಿನ ಎರಡು ಧ್ರುವಗಳ ನಡುವೆ ಕೂದಲಿನಂಥ ತಂತಿಯ ಒಂದು ಸುರುಳಿ, ಅದನ್ನು ಹಿಡಿದು ನಿಲ್ಲಿಸುವ ಎರಡು ಹೇರ್‌ಸ್ಪ್ರಿಂಗ್, ಹರಳಿನ ಬೇರಿಂಗಿನಲ್ಲಿ ತಿರುಗುವ ಚೂಪು ತುದಿಗಳು. ಮಧ್ಯಮ ದರ್ಜೆಯ ಮಲ್ಟಿಮೀಟರಿನಲ್ಲಿ ಈ ಸುರುಳಿಗೆ 50 ಮೈಕ್ರೋಆಂಪಿಯರ್ ಕೊಟ್ಟರೆ ಮುಳ್ಳು ಬಲತುದಿ ಮುಟ್ಟುತ್ತದೆ. ಒಂದು ವೋಲ್ಟನ್ನು 50 ಮೈಕ್ರೋಆಂಪಿಯರಿನಿಂದ ಭಾಗಿಸಿದರೆ 20,000 ಓಮ್. ಡಯಲ್ಲಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುವ '20ಕೆ ಓಮ್ ಪ್ರತಿ ವೋಲ್ಟ್' ಇದೇ. ಹತ್ತು ವೋಲ್ಟಿನ ರೇಂಜಿಗೆ ಒಟ್ಟು 200 ಕಿಲೋ ಓಮ್, 250ರ ರೇಂಜಿಗೆ 5 ಮೆಗಾ ಓಮ್. ಪಾಲಿಟೆಕ್ನಿಕ್ಕಿನ ಮೊದಲ ವರ್ಷದ ಹುಡುಗಿಯೊಬ್ಬಳು ಇಡೀ ಮೀಟರನ್ನು ಕಾಗದದ ಮೇಲೆ ಲೆಕ್ಕ ಹಾಕಿ ಕಟ್ಟಬಹುದು. ಓಮ್ಸ್ ನಿಯಮ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಇದೇ ಲೆಕ್ಕದಲ್ಲಿ ಮುಳ್ಳಿನ ಮೀಟರಿನ ದೊಡ್ಡ ದೌರ್ಬಲ್ಯವೂ ಇದೆ. ಹತ್ತು ವೋಲ್ಟಿನ ಸಪ್ಲೈಗೆ ನೂರು ಕಿಲೋ ಓಮಿನ ಎರಡು ರೆಸಿಸ್ಟರುಗಳನ್ನು ಸರಣಿಯಲ್ಲಿ ಹಾಕಿ. ನಡುವೆ 5 ವೋಲ್ಟ್ ಇರಬೇಕು. ಹತ್ತರ ರೇಂಜಿನಲ್ಲಿ ಮುಳ್ಳು ತೋರಿಸುವುದು 4. ಮೀಟರಿನ 200 ಕಿಲೋ ಓಮ್ ಕೆಳಗಿನ ರೆಸಿಸ್ಟರಿಗೆ ಸಮಾಂತರವಾಗಿ ಕೂತು ವೋಲ್ಟೇಜನ್ನು ಕೆಳಗೆಳೆಯಿತು. ಹತ್ತು ಮೆಗಾ ಓಮಿನ ಡಿಜಿಟಲ್ ಮೀಟರ್ ಅದೇ ಜಾಗದಲ್ಲಿ 4.98ರಷ್ಟು ಹೇಳುತ್ತದೆ. ಫೆಟ್ ಗೇಟುಗಳು, ಸೆನ್ಸರುಗಳು, ಸಿಮಾಸ್ ಸರ್ಕ್ಯೂಟುಗಳು ಇರುವೆಡೆ ಮುಳ್ಳನ್ನು ನಂಬಬಾರದು. ಅಲ್ಲಿ ಡಿಜಿಟಲ್ ಹಿಡಿಯಿರಿ, ಚರ್ಚೆಯೇ ಬೇಡ.

ಆದರೆ ಹಳೆಯ ರೇಡಿಯೋ, ಆಂಪ್ಲಿಫೈಯರ್, ಟೇಪ್ ರೆಕಾರ್ಡರುಗಳ ಸರ್ವಿಸ್ ಮ್ಯಾನ್ಯುಯಲ್ ತೆರೆದವರು ಒಂದು ಸಾಲನ್ನು ಗಮನಿಸಿರುತ್ತಾರೆ: ಚಿತ್ರದಲ್ಲಿ ಕೊಟ್ಟಿರುವ ವೋಲ್ಟೇಜುಗಳನ್ನು 20ಕೆ ಓಮ್ ಪ್ರತಿ ವೋಲ್ಟ್ ಮೀಟರಿನಿಂದ ಅಳೆಯಲಾಗಿದೆ. ಅಂದರೆ ಕಂಪನಿಯವರ ಮೀಟರೂ ಹಾಗೆಯೇ ವೋಲ್ಟೇಜನ್ನು ಕೆಳಗೆಳೆದಿತ್ತು, ಅವರು ಎಳೆದ ಬೆಲೆಯನ್ನೇ ಬರೆದಿದ್ದಾರೆ. ಅಂಥ ಸೆಟ್ಟಿನಲ್ಲಿ ಡಿಜಿಟಲ್ ಹಿಡಿದು ಬೇಸ್ ವೋಲ್ಟೇಜ್ ಹೆಚ್ಚು ಬಂತೆಂದು ಸರಿಯಿರುವ ಟ್ರಾನ್ಸಿಸ್ಟರನ್ನು ಕಿತ್ತವರಿದ್ದಾರೆ. ಹಳೆಯ ಸೆಟ್ಟನ್ನು ಅದರ ಕಾಲದ ಮೀಟರಿನಿಂದಲೇ ಅಳೆದರೆ ಪುಸ್ತಕದ ಬೆಲೆಗೂ ಮೇಜಿನ ಬೆಲೆಗೂ ತಾಳೆ ಬೀಳುತ್ತದೆ.

ಈ ಕುಲದ ಹಿರಿಯ ಇಂಗ್ಲೆಂಡಿನ ಆವೋಮೀಟರ್. ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ, ಲೈನ್ ಕೆಲಸಕ್ಕೆ ಬೇರೆ ಬೇರೆ ಮೀಟರುಗಳನ್ನು ಹೊತ್ತು ತಿರುಗುವ ಕಷ್ಟ ತಪ್ಪಿಸಲು ಆಂಪಿಯರ್, ವೋಲ್ಟ್, ಓಮ್ ಮೂರನ್ನೂ ಒಂದೇ ಪೆಟ್ಟಿಗೆಗೆ ತಂದ. 1923ರಲ್ಲಿ ಅದು ಮಾರಾಟಕ್ಕೆ ಬಂತು. 1951ರಲ್ಲಿ ಬಂದ ಅದರ ಎಂಟನೆಯ ಮಾದರಿ 2008ರವರೆಗೆ ತಯಾರಾಯಿತು. ನಿಂತದ್ದು ಗಿರಾಕಿಯಿಲ್ಲದೆ ಅಲ್ಲ, ಯಾಂತ್ರಿಕ ಬಿಡಿಭಾಗಗಳನ್ನು ಮಾಡಿಕೊಡುವವರು ಸಿಗುವುದು ಕಷ್ಟವಾಗಿ. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ಕಟ್‌ಔಟ್. ತಪ್ಪು ರೇಂಜಿನಲ್ಲಿ ವೋಲ್ಟೇಜ್ ಕೊಟ್ಟರೆ ಠಪ್ ಎಂದು ಒಂದು ಗುಂಡಿ ಎದ್ದು ಸರ್ಕ್ಯೂಟನ್ನು ಕಡಿದುಬಿಡುತ್ತದೆ. ಸರಿಪಡಿಸಿಕೊಂಡು ಗುಂಡಿ ಒತ್ತಿದರೆ ಮತ್ತೆ ಕೆಲಸ. ಅಮೆರಿಕದಲ್ಲಿ ಇದೇ ಗೌರವ ಶಿಕಾಗೋದ ಸಿಂಪ್ಸನ್ 260ಕ್ಕೆ. ನಮ್ಮ ರಿಪೇರಿ ಅಂಗಡಿಗಳಲ್ಲಿ ಕಾಣುವುದು ಹೆಚ್ಚಾಗಿ ಜಪಾನಿನ ಸಾನ್ವಾ ವೈಎಕ್ಸ್-360 ಮಾದರಿ, ಅದಕ್ಕಿಂತ ಹೆಚ್ಚಾಗಿ ಅದರ ನಕಲುಗಳು. ಕಾಲೇಜು ಪ್ರಯೋಗಾಲಯಗಳಲ್ಲಿ ಮೋಟ್ವಾನೆ, ಮೆಕೊ ಹೆಸರಿನ ದೇಶೀ ಮೀಟರುಗಳಿರುತ್ತವೆ.

ಸಾನ್ವಾ ಮಾದರಿಗೆ ಒಂದು ಗುಣವಿದೆ, ಹೊಸಬರು ಇದರಲ್ಲಿ ಎಡವುತ್ತಾರೆ. ಓಮ್ಸ್ ರೇಂಜಿನಲ್ಲಿ ಒಳಗಿನ ಸೆಲ್ಲಿನ ಪ್ಲಸ್ ಬರುವುದು ಕಪ್ಪು ಪ್ರೋಬಿಗೆ. ಆರಂಭದಲ್ಲಿ ಕಂಡೆನ್ಸರಿಗೆ ಕಪ್ಪನ್ನು ಪ್ಲಸ್ ಕಾಲಿಗಿಡಿ ಎಂದದ್ದು ಅದಕ್ಕೇ. ಎಲ್ಲ ಮೀಟರುಗಳೂ ಹೀಗಿಲ್ಲ. ×10 ರೇಂಜಿನಲ್ಲಿ ಒಂದು ಕೆಂಪು ಎಲ್‌ಇಡಿಗೆ ಪ್ರೋಬ್ ಮುಟ್ಟಿಸಿ, ಉದ್ದ ಕಾಲಿಗೆ ಯಾವುದು ಹಚ್ಚಿದಾಗ ಬೆಳಗುತ್ತದೋ ಅದು ಪ್ಲಸ್. ×1 ರೇಂಜಿನಲ್ಲಿ ಸಿಗುವುದು 3 ವೋಲ್ಟ್, 20 ಓಮ್, ಅಂದರೆ ಶಾರ್ಟ್ ಆದಾಗ 150 ಮಿಲಿಆಂಪಿಯರ್. ಡಿಜಿಟಲ್ ಮೀಟರಿನ ಡಯೋಡ್ ರೇಂಜ್ ಕೊಡುವುದು ಒಂದು ಮಿಲಿಆಂಪಿಯರಿನ ಸುತ್ತಮುತ್ತ. ಫ್ಯಾನ್ ರೆಗ್ಯುಲೇಟರಿನ ಬಿಟಿ136 ಟ್ರಯಾಕ್ ಕೆಟ್ಟಿದೆಯೇ ನೋಡಬೇಕೆ? ಬೋರ್ಡಿನಿಂದ ಬಿಚ್ಚಿ, ಕಪ್ಪನ್ನು ಎಂಟಿ2ಕ್ಕೂ ಕೆಂಪನ್ನು ಎಂಟಿ1ಕ್ಕೂ ಹಚ್ಚಿ, ಗೇಟನ್ನು ಎಂಟಿ2ಕ್ಕೆ ಒಮ್ಮೆ ತಾಗಿಸಿ ಬಿಡಿ. ಮುಳ್ಳು ಹಾರಿ, ಗೇಟ್ ಬಿಟ್ಟ ಮೇಲೂ ಹಾರಿದಲ್ಲೇ ನಿಂತರೆ ಟ್ರಯಾಕ್ ಚೆನ್ನಾಗಿದೆ. ಆ ಒಂದು ಮಿಲಿಆಂಪಿಯರಿಗೆ ಟ್ರಯಾಕ್ ಹಿಡಿದು ನಿಲ್ಲುವುದಿಲ್ಲ, ಆದ್ದರಿಂದ ಡಿಜಿಟಲ್ಲಿನಲ್ಲಿ ಈ ಪರೀಕ್ಷೆ ಆಗದು. ಹಾಗೆಂದು ×1ರ ಈ ಕರೆಂಟನ್ನು ಸೂಕ್ಷ್ಮ ಡಯೋಡುಗಳ ಮೇಲೆ ಹರಿಸಬೇಡಿ.

ಮುಳ್ಳಿನ ಮೀಟರಿನ ನಿಖರತೆ ಸಾಮಾನ್ಯವಾಗಿ ಡಿಸಿಯಲ್ಲಿ ಶೇ. 3, ಅದೂ ಪೂರ್ಣ ಸ್ಕೇಲಿನ ಲೆಕ್ಕದಲ್ಲಿ. 250ರ ರೇಂಜಿನಲ್ಲಿ ಏಳೂವರೆ ವೋಲ್ಟ್ ಆಚೀಚೆ, ಮುಳ್ಳು 250ರಲ್ಲಿದ್ದರೂ ಅಷ್ಟೇ, 50ರಲ್ಲಿದ್ದರೂ ಅಷ್ಟೇ. ಆದ್ದರಿಂದ ಮುಳ್ಳು ಸ್ಕೇಲಿನ ಬಲ ಅರ್ಧದಲ್ಲಿ ನಿಲ್ಲುವಂಥ ರೇಂಜನ್ನೇ ಆರಿಸಬೇಕು. ಕನ್ನಡಿ ಪಟ್ಟಿ ಇರುವ ಡಯಲ್ ಆದರೆ ಮುಳ್ಳು ತನ್ನ ಪ್ರತಿಬಿಂಬವನ್ನು ಮುಚ್ಚುವಂತೆ ನೇರಕ್ಕೆ ಕಣ್ಣಿಟ್ಟು ಓದಬೇಕು.

ಕೊಳ್ಳುವುದಿದ್ದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹೊಸದು ಸಿಗುತ್ತದೆ. ಹಳೆಯದಕ್ಕೆ ಗುಜರಿ ಸಂತೆಗಳೂ ಆಗಬಹುದು. ತೀರಾ ಅಗ್ಗದ ನಕಲುಗಳಲ್ಲಿ ಫ್ಯೂಸ್ ಸಮರ್ಪಕವಾಗಿರುವುದಿಲ್ಲ. ಓಮ್ಸ್ ರೇಂಜಿನಲ್ಲಿ ಮರೆತು ಮನೆಯ ಕರೆಂಟಿಗೆ ಹಾಕಿದರೆ ಮೀಟರ್ ಸುಟ್ಟುಹೋಗುವುದಲ್ಲದೆ ಕೈಗೂ ಅಪಾಯ. ಮೇನ್ಸ್ ಕೆಲಸಕ್ಕೆ ಸರಿಯಾದ ಕ್ಯಾಟ್ ರೇಟಿಂಗ್ ಇರುವ ಡಿಜಿಟಲ್ ಮೀಟರನ್ನೇ ಬಳಸಬೇಕು ಎಂಬುದು ನನ್ನ ಕಟ್ಟುನಿಟ್ಟಿನ ಮಾತು.

ಹಳೆಯ ಮೀಟರನ್ನು ಕೈಗೆತ್ತಿಕೊಂಡಾಗ ಮೊದಲು ಮಲಗಿಸಿ ನೋಡಿ, ಆಮೇಲೆ ನಿಲ್ಲಿಸಿ, ಎಡಕ್ಕೂ ಬಲಕ್ಕೂ ವಾಲಿಸಿ. ಮುಳ್ಳು ಸೊನ್ನೆಯಿಂದ ಬಹಳ ಸರಿದರೆ ತೂಕ ತಪ್ಪಿದೆ, ಎಲ್ಲಾದರೂ ತಡೆದು ನಿಂತರೆ ಬೇರಿಂಗ್ ಪೆಟ್ಟು ತಿಂದಿದೆ. ಎರಡಕ್ಕೂ ಹಣ ಕೊಡಬೇಡಿ. ಆದರೆ ಮುಳ್ಳು ಗಾಜಿಗೆ ಅಂಟಿದಂತೆ ನಿಂತರೆ ಅವಸರ ಬೇಡ. ಪ್ಲಾಸ್ಟಿಕ್ ಮುಚ್ಚಳವನ್ನು ಬಟ್ಟೆಯಿಂದ ಉಜ್ಜಿದಾಗ ಹುಟ್ಟುವ ಸ್ಥಿರ ವಿದ್ಯುತ್ತು ಮುಳ್ಳನ್ನು ಸೆಳೆದಿಟ್ಟಿರಬಹುದು. ಮುಚ್ಚಳದ ಮೇಲೆ ಬಾಯಿಯಿಂದ ಬಿಸಿ ಉಸಿರು ಬಿಟ್ಟು ನೋಡಿ. ಮುಳ್ಳು ಬಿಡಿಸಿಕೊಂಡರೆ ಮೀಟರ್ ಸರಿಯಿದೆ. ಮನೆಗೆ ತಂದು ಒಂದು ಹನಿ ಸಾಬೂನು ನೀರಿನಲ್ಲಿ ಒರೆಸಿದರೆ ತಿಂಗಳುಗಟ್ಟಲೆ ಆ ತೊಂದರೆ ಇರುವುದಿಲ್ಲ. ನಂತರ ಎರಡು ಪ್ರೋಬುಗಳನ್ನು ಸೇರಿಸಿ ×1ರಲ್ಲಿ ಝೀರೋ ಗುಂಡಿ ತಿರುಗಿಸಿ. ಸೊನ್ನೆಗೆ ಬರದಿದ್ದರೆ ಹೊಸ ಸೆಲ್ ಹಾಕಿಸಿ ನೋಡಿದ ಮೇಲೇ ತೀರ್ಮಾನ.

ಸೆಲ್ ಹಾಕುವ ಬಾಗಿಲು ತೆರೆದಾಗ ಸ್ಪ್ರಿಂಗುಗಳ ಮೇಲೆ ಹಸಿರು ಕಿಲುಬು ಕಂಡೀತು. ವೋಲ್ಟ್ ಅಳೆಯಲು, ಕರೆಂಟ್ ಅಳೆಯಲು ಈ ಮೀಟರಿಗೆ ಸೆಲ್ ಬೇಡವೇ ಬೇಡ, ಹಾಗಾಗಿ ವರ್ಷಗಟ್ಟಲೆ ಯಾರಿಗೂ ಅದರ ನೆನಪಾಗುವುದಿಲ್ಲ, ಒಳಗೇ ಒಡೆದು ಸೋರುತ್ತದೆ. ಕಿಲುಬನ್ನು ವಿನೆಗರಿನಲ್ಲಿ ಅದ್ದಿದ ಹತ್ತಿಯಿಂದ ತೆಗೆದು, ಒರೆಸಿ, ಒಣಗಿಸಿ. ಓಮ್ಸ್ ಕೆಲಸ ಅಪರೂಪವಾದರೆ ಸೆಲ್ಲುಗಳನ್ನು ಹೊರಗೆ ತೆಗೆದೇ ಇಡಿ. ಬಸ್ಸಿನಲ್ಲಿ ಮನೆಗೆ ಒಯ್ಯುವಾಗ ಸ್ವಿಚ್ಚನ್ನು ಆಫ್‌ಗೆ ತಿರುಗಿಸಿ. ಅನೇಕ ಮೀಟರುಗಳಲ್ಲಿ ಆಫ್ ಎಂದರೆ ಸುರುಳಿಯ ಎರಡು ತುದಿಗಳು ಒಳಗೇ ಶಾರ್ಟ್ ಆಗುತ್ತವೆ. ಆಗ ಅಲುಗಾಡಿದ ಸುರುಳಿಯಲ್ಲಿ ಹುಟ್ಟುವ ಕರೆಂಟೇ ಅದಕ್ಕೆ ಬ್ರೇಕ್ ಹಾಕುತ್ತದೆ. ಅಂಗಡಿಯಲ್ಲೇ ಪರೀಕ್ಷಿಸಿ: ಆಫ್‌ನಲ್ಲಿ ಕುಲುಕಿದರೆ ಮುಳ್ಳು ತೂಗುವುದು ಕಡಿಮೆ, ವೋಲ್ಟ್ ರೇಂಜಿನಲ್ಲಿ ಕುಲುಕಿದರೆ ಹುಚ್ಚಾಪಟ್ಟೆ ಓಡಾಡುತ್ತದೆ. ಆಫ್ ಇಲ್ಲದ ಮೀಟರಾದರೆ ಸ್ವಿಚ್ಚನ್ನು ಡಿಸಿ ಕರೆಂಟಿನ ರೇಂಜಿಗಿಟ್ಟು, ಎರಡು ಟರ್ಮಿನಲ್‌ಗಳಿಗೂ ಒಂದು ತುಂಡು ತಂತಿ ಸುತ್ತಿಕೊಂಡು ಹೊರಡಿ.