ಎಚ್ಚರಕ್ಕೂ ಕನಸಿಗೂ ಒಂದೇ ಗೆರೆ

ಕನಸು ಶುರುವಾಗುವ ಮುನ್ನ ತೆರೆಯ ಮೇಲೆ ಅಲೆ ಏಳಿಸುವುದು, ಹೊಗೆ ಹಾಯಿಸುವುದು ಹಳೆಯ ಸಿನಿಮಾಗಳು ಪ್ರೇಕ್ಷಕರಿಗೆ ತೋರುತ್ತಿದ್ದ ಸೌಜನ್ಯ. ಜಪಾನಿನ ಅನಿಮೇಷನ್ ನಿರ್ದೇಶಕ ಸತೋಶಿ ಕೋನ್ (1963–2010) ಅದನ್ನು ಪೂರ್ತಿ ಕೈಬಿಟ್ಟರು. ಅವರ ಮೊದಲ ಚಿತ್ರ 'ಪರ್ಫೆಕ್ಟ್ ಬ್ಲೂ' (1997) ಯೋಶಿಕಾಜು ತಾಕೆಉಚಿಯವರ ಕಾದಂಬರಿಯಿಂದ ಹುಟ್ಟಿದ್ದು. ಇದರ ನಾಯಕಿ ಮಿಮಾ ಹಾಡುಗಾರ್ತಿಯರ ತಂಡ ತೊರೆದು ಟಿವಿ ಧಾರಾವಾಹಿಯ ನಟಿಯಾಗುತ್ತಾಳೆ. ಮೊದಲಿಗೆ ಅವಳ ಪಾಲಿಗೆ ಬರುವುದು ಒಂದೇ ಒಂದು ಮಾತು: ಎದುರಿಗಿರುವವರು ಯಾರೆಂದು ಕೇಳುವುದು. ಅದನ್ನೇ ಮತ್ತೆ ಮತ್ತೆ ಉರುಹೊಡೆಯುತ್ತ ಅವಳು ತನ್ನ ಗುರುತನ್ನೇ ಕಳೆದುಕೊಳ್ಳುತ್ತಾಳೆ.

ಚಿತ್ರದ ನಡುಭಾಗದ ಕಟ್ಟಣೆಯನ್ನು ಗಮನಿಸಬೇಕು. ಮಿಮಾ ಏನೋ ಭೀಕರವಾದದ್ದನ್ನು ಕಾಣುತ್ತಾಳೆ, ಕೂಡಲೇ ತನ್ನ ಕೋಣೆಯ ಹಾಸಿಗೆಯಲ್ಲಿ ಕಣ್ಣು ಬಿಡುತ್ತಾಳೆ. ಕಂಡದ್ದು ಕನಸೆಂದು ಪ್ರೇಕ್ಷಕ ಉಸಿರು ಬಿಡುವಷ್ಟರಲ್ಲಿ ಅದು ಧಾರಾವಾಹಿಯ ಶಾಟ್ ಎಂದಾಗುತ್ತದೆ. ಮತ್ತೆ ಅದೇ ಹಾಸಿಗೆ, ಅದೇ ಎಚ್ಚರ. ಕತ್ತರಿ ಎಲ್ಲಿ ಬಿತ್ತೆಂದು ತಿಳಿಯುವುದೇ ಇಲ್ಲ. ಕ್ಯಾಮೆರಾದಲ್ಲಿ ಹಿಡಿದ ಚಿತ್ರದಲ್ಲಿ ಬೆಳಕೋ ಸೆಟ್ಟೋ ಗುಟ್ಟು ಬಿಟ್ಟುಕೊಡಬಹುದು. ಅನಿಮೇಷನ್ನಿನಲ್ಲಿ ನಿಜವೂ ಭ್ರಮೆಯೂ ಒಂದೇ ಕೈ ಬರೆದ ಗೆರೆಗಳು.

ಕೋನ್ ಅವರದೇ 'ಪಾಪ್ರಿಕಾ' (2006) ಇದನ್ನೇ ಹಬ್ಬವಾಗಿಸಿತು. ಯಾಸುತಾಕಾ ತ್ಸುತ್ಸುಯಿ ಅವರ ಕಾದಂಬರಿ ಆಧರಿಸಿದ ಈ ಚಿತ್ರದಲ್ಲಿ ಇನ್ನೊಬ್ಬರ ಕನಸಿನೊಳಗೆ ಇಳಿಯುವ 'ಡಿಸಿ ಮಿನಿ' ಎಂಬ ಉಪಕರಣ ಕಳುವಾಗುತ್ತದೆ. ಗೊಂಬೆಗಳು, ಫ್ರಿಜ್ಜುಗಳು, ಕಪ್ಪೆಗಳ ವಾದ್ಯಮೇಳ ಸೇರಿದ ಮೆರವಣಿಗೆಯೊಂದು ಕನಸಿನಿಂದ ಟೋಕಿಯೊದ ಬೀದಿಗೇ ನುಗ್ಗುತ್ತದೆ. ನೋಡಲು ವೈಭವ, ಆದರೆ ಹೆದರಿಸುವುದರಲ್ಲಿ ಮಿಮಾಳ ಸಣ್ಣ ಕೋಣೆಯೇ ಮೇಲು.

ಕನ್ನಡದಲ್ಲಿ ಈ ಹಾದಿಗೆ ಹತ್ತಿರವಾದದ್ದು ಪವನ್ ಕುಮಾರ್ ಅವರ 'ಲೂಸಿಯಾ' (2013). ಅನಿಮೇಷನ್ ಅಲ್ಲ, ಪ್ರೇಕ್ಷಕರೇ ಹಣ ಹಾಕಿ ಆಗುಮಾಡಿದ ಚಿತ್ರ. ಸತೀಶ್ ನೀನಾಸಂ ನಟಿಸಿದ ನಿಕ್ಕಿ ಬೆಂಗಳೂರಿನ ಚಿತ್ರಮಂದಿರವೊಂದರಲ್ಲಿ ಕತ್ತಲಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವವನು, ನಿದ್ದೆ ಬಾರದವನು. ಲೂಸಿಯಾ ಮಾತ್ರೆ ನುಂಗಿದರೆ ನಿದ್ದೆ ಬರುತ್ತದೆ, ಜೊತೆಗೆ ತಾನೇ ಸಿನಿಮಾ ತಾರೆಯಾದ ಕನಸೂ. ಶ್ರುತಿ ಹರಿಹರನ್ ಅವರ ಶ್ವೇತಾ ಎರಡೂ ಲೋಕಗಳಲ್ಲಿದ್ದಾಳೆ. ಒಂದರಲ್ಲಿ ಪಿಜ್ಜಾ ಅಂಗಡಿಯ ಕೆಲಸದವಳು, ಇನ್ನೊಂದರಲ್ಲಿ ರೂಪದರ್ಶಿ.

ಕೋನ್ ಎಲ್ಲ ಗುರುತುಗಳನ್ನೂ ಅಳಿಸಿದರೆ ಪವನ್ ಎದ್ದುಕಾಣುವ ಗುರುತನ್ನೇ ಕೊಡುತ್ತಾರೆ: ನಿಕ್ಕಿಯ ಬದುಕಿಗೆ ಬಣ್ಣ, ತಾರೆಯ ಬದುಕಿಗೆ ಕಪ್ಪು-ಬಿಳುಪು. ಬಣ್ಣವಿಲ್ಲದ್ದು ಕನಸು ಎಂದು ಪ್ರೇಕ್ಷಕ ತಾನಾಗಿಯೇ ಒಪ್ಪಿಕೊಳ್ಳುತ್ತಾನೆ; ಚಿತ್ರದ ವಂಚನೆಯೆಲ್ಲ ಆ ಒಪ್ಪಿಗೆಯ ಮೇಲೆಯೇ ನಿಂತಿದೆ. (ನೋಡದವರು ಮುಂದಿನ ಸಾಲು ಬಿಡುವುದು ಒಳಿತು.) ನಿಜವಾಗಿ ಇರುವವನು ತಾರೆ, ಟಾರ್ಚಿನ ಹುಡುಗನೇ ಅವನ ಕನಸು. ಹೆಸರು, ಹಣ ಎಲ್ಲ ಇದ್ದವನು ಬಡ ನಿಕ್ಕಿಯಾಗಲು ಹಂಬಲಿಸುತ್ತಾನೆಂಬುದು ಬರಿಯ ತಿರುವಿಗಿಂತ ತೂಕದ ಮಾತು. ಆದರೂ ಕೊನೆಗೆ ಚಿತ್ರ ಗಂಟನ್ನು ಬಿಡಿಸಿ ಕೈಗಿಡುತ್ತದೆ, ತುಸು ಹೆಚ್ಚೇ ವಿವರಿಸುತ್ತದೆ. ಎರಡನೆಯ ಸಲ ನೋಡಿದರೆ ಎಲ್ಲವೂ ಹೊಂದಿ ಕೂರುತ್ತದೆ. 'ಪರ್ಫೆಕ್ಟ್ ಬ್ಲೂ'ವಿನಲ್ಲಾದರೋ ಮಿಮಾಳ ಸುತ್ತ ನಡೆಯುವ ಕೊಲೆಗಳ ಹಿಂದಿನ ಕೈ ಪತ್ತೆಯಾದ ಮೇಲೂ ನಡುಭಾಗದ ಕೆಲವು ದೃಶ್ಯಗಳು ಯಾವ ಲೆಕ್ಕಕ್ಕೂ ಸೇರದೆ ಉಳಿಯುತ್ತವೆ.