ಹದಿನಾರು ವಾರದೊಳಗಿನ ಲೆಕ್ಕ

ಕಿಲೋ ತೂಕಕ್ಕೆ ದಿನಕ್ಕೆ 260 ಮಿಲಿಲೀಟರ್. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ವೈಜ್ಞಾನಿಕ ಸಮಿತಿ 2017ರಲ್ಲಿ ಹೊರತಂದ ಮಾರ್ಗಸೂಚಿಯ ಜೀವ ಇರುವುದು ಈ ಅಂಕಿಯಲ್ಲಿ. ಹುಟ್ಟಿನಿಂದ 16 ವಾರದೊಳಗಿನ ಕೂಸುಗಳ ಆಹಾರದಲ್ಲಿರುವ ವಸ್ತುಗಳು ನಿರಪಾಯವೇ ಎಂದು ಪರೀಕ್ಷಿಸುವುದು ಹೇಗೆ ಎನ್ನುವುದು ಅದರ ವಿಷಯ. ಎದೆಹಾಲಿಲ್ಲದೆ ಬರೀ ಡಬ್ಬಿ ಹಾಲಿನಲ್ಲಿ ಬೆಳೆಯುವ, ಅದರಲ್ಲೂ ಚೆನ್ನಾಗಿ ಕುಡಿಯುವ ಕೂಸನ್ನು ಎದುರಿಗಿಟ್ಟುಕೊಂಡೇ ಲೆಕ್ಕ ಹಾಕಬೇಕು ಎಂದು ಸಮಿತಿ ಹೇಳುತ್ತದೆ. ಮೂರೂವರೆ ಕಿಲೋ ಕೂಸಿಗೆ ಅದು ದಿನಕ್ಕೆ 910 ಮಿಲಿಲೀಟರ್ ಆಯಿತು. 60 ಕಿಲೋ ತೂಗುವವರು ಅದೇ ಪ್ರಮಾಣದಲ್ಲಿ ಕುಡಿಯಬೇಕಾದರೆ ಹದಿನೈದೂವರೆ ಲೀಟರ್ ದಾಟುತ್ತದೆ. ಅದೂ ಒಂದೇ ಪದಾರ್ಥ, ವಾರಗಟ್ಟಲೆ.

ಜೀವನವಿಡೀ ದಿನಾ ತಿಂದರೂ ತೊಂದರೆಯಾಗದು ಎಂದು ತಜ್ಞರು ಸೇರ್ಪಡೆ ವಸ್ತುಗಳಿಗೆ ಒಂದು ಮಿತಿ ಕಟ್ಟುತ್ತಾರೆ. ಈ ಮಿತಿ 12 ವಾರದೊಳಗಿನ ಕೂಸುಗಳಿಗೆ ಸಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ಜಂಟಿ ತಜ್ಞ ಸಮಿತಿ ಬಹಳ ಹಿಂದಿನಿಂದಲೂ ಹೇಳುತ್ತ ಬಂದಿತ್ತು. ಸಲ್ಲದಿದ್ದರೆ ಬೇರೆ ಯಾವುದು ಸಲ್ಲುತ್ತದೆ ಎಂಬ ಪ್ರಶ್ನೆಗೆ ಒಂದು ಕ್ರಮ ಹಾಕಿಕೊಟ್ಟಿರುವುದು ಈ ಮಾರ್ಗಸೂಚಿಯ ದೊಡ್ಡ ಗುಣ. ಕೂಸನ್ನು ಪುಟ್ಟ ದೊಡ್ಡವರೆಂದು ಅದು ಎಣಿಸುವುದಿಲ್ಲ. ಕರುಳು, ಲಿವರ್, ಕಿಡ್ನಿ, ಮಿದುಳು ಒಂದೊಂದೂ ಯಾವಾಗ ಎಷ್ಟು ಬಲಿಯುತ್ತವೆ ಎಂದು ವಿವರವಾಗಿ ನೋಡುತ್ತದೆ. ಇದು ವೈದ್ಯಲೋಕ ಬೆಲೆ ತೆತ್ತು ಕಲಿತ ಪಾಠ. 1950ರ ದಶಕದ ಕೊನೆಯಲ್ಲಿ ಕ್ಲೋರಾಂಫೆನಿಕಾಲ್ ಕೊಟ್ಟ ನವಜಾತ ಕೂಸುಗಳು ಬೂದು ಬಣ್ಣಕ್ಕೆ ತಿರುಗಿ ಸತ್ತವು. ಆ ಔಷಧವನ್ನು ಕರಗಿಸಿ ಹೊರಹಾಕುವ ಶಕ್ತಿ ಅವುಗಳ ಎಳೆಯ ಲಿವರ್‌ಗೆ ಇನ್ನೂ ಬಂದಿರಲಿಲ್ಲ.

ಮುಂದಿನ ಹೆಜ್ಜೆಗಳನ್ನು ಸಮಿತಿ ಕವಲು ಕವಲಾಗಿ ಜೋಡಿಸಿದೆ. ವಸ್ತುವನ್ನು ಬೇಕೆಂದೇ ಬೆರೆಸಿದ್ದೇ? ಕರುಳು ದಾಟಿ ರಕ್ತಕ್ಕೆ ಸೇರುತ್ತದೆಯೇ? ಉತ್ತರ ನೋಡಿಕೊಂಡು ಪರೀಕ್ಷೆಗಳು ಬಿಗಿಯಾಗುತ್ತವೆ. ಬೇಕೆಂದೇ ಬೆರೆಸಿದ್ದಾದರೆ ಆಗಷ್ಟೇ ಹುಟ್ಟಿದ ಪ್ರಾಣಿಗೆ ನೇರವಾಗಿ ಬಾಯಿಂದ ಕೊಟ್ಟು ನೋಡಬೇಕು. ಇದಕ್ಕೆ ಸಾಮಾನ್ಯವಾಗಿ ಆರಿಸುವುದು ಹಂದಿಮರಿಯನ್ನು, ಏಕೆಂದರೆ ಅದರ ಕರುಳು ಕೂಸಿನ ಕರುಳಿಗೆ ಹತ್ತಿರ. ಕಡಲಪಾಚಿಯಿಂದ ತೆಗೆದು ಹಾಲು ಒಡೆಯದಂತೆ ಬಳಸುವ ಕ್ಯಾರಜೀನನ್‌ ವಿಷಯದಲ್ಲಿ 2014ರಲ್ಲಿ ಜಂಟಿ ತಜ್ಞ ಸಮಿತಿ ನೆಚ್ಚಿಕೊಂಡದ್ದರಲ್ಲಿ ಹಂದಿಮರಿಗಳ ಪರೀಕ್ಷೆಯೂ ಇತ್ತು. ಲೀಟರಿಗೆ 1,000 ಮಿಲಿಗ್ರಾಂವರೆಗೆ ಆತಂಕವಿಲ್ಲ ಎಂದಿತು, ಸಾಮಾನ್ಯ ಡಬ್ಬಿ ಹಾಲಿಗೂ ವೈದ್ಯಕೀಯ ಅಗತ್ಯದ ವಿಶೇಷ ಡಬ್ಬಿ ಹಾಲಿಗೂ. ಹಾಗೆಂದು ಹಂದಿಮರಿ ಎಲ್ಲಕ್ಕೂ ಸಾಕ್ಷಿಯಾಗದು. ನಮ್ಮ ಕೂಸು ತಾಯಿಯ ಪ್ರತಿಕಾಯಗಳನ್ನು ಗರ್ಭದಲ್ಲೇ ಪಡೆದು ಹುಟ್ಟುತ್ತದೆ. ಹಂದಿಮರಿಗೆ ಅವು ಸಿಗುವುದು ಹುಟ್ಟಿದ ಮೇಲೆ ಕುಡಿಯುವ ಗಿಣ್ಣುಹಾಲಿನಿಂದ. ರೋಗನಿರೋಧಕ ಶಕ್ತಿಯ ಪ್ರಶ್ನೆ ಬಂದಾಗ ಈ ವ್ಯತ್ಯಾಸ ಸಣ್ಣದಲ್ಲ.

ನನ್ನ ತಕರಾರು ಇರುವುದು ಮುಖ್ಯವಾಗಿ ನೀರಿನ ಬಗ್ಗೆ. ಇಷ್ಟೆಲ್ಲ ಶಿಸ್ತು ಪುಡಿಯಲ್ಲಿರುವ ವಸ್ತುವಿಗೆ. ಕೂಸು ಕುಡಿಯುವುದು ಪುಡಿಗೆ ನೀರು ಬೆರೆಸಿದ ಹಾಲನ್ನು. 1945ರಲ್ಲಿ ಅಮೆರಿಕದ ಅಯೋವಾದಲ್ಲಿ ಕಾಮ್ಲಿ ಎಂಬ ವೈದ್ಯರು ಬಾವಿ ನೀರಲ್ಲಿ ಕಲಸಿದ ಹಾಲು ಕುಡಿದು ನೀಲಿಗಟ್ಟಿದ ಕೂಸುಗಳ ಬಗ್ಗೆ ಬರೆದರು. ನೀರಿನಲ್ಲಿದ್ದ ನೈಟ್ರೇಟ್ ನೈಟ್ರೈಟಾಗಿ, ರಕ್ತ ಆಮ್ಲಜನಕ ಒಯ್ಯದಂತೆ ಮಾಡಿತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಎಂಬ ನಮ್ಮ ಮಿತಿಯ ಹಿಂದೆ ಇರುವುದೂ ಇಂಥ ಕೂಸುಗಳ ಅನುಭವವೇ. ಆ ಮಿತಿಯ ನೀರನ್ನೇ 260ರಿಂದ ಗುಣಿಸಿ ನೋಡಿ: ಕಿಲೋ ತೂಕಕ್ಕೆ ದಿನಕ್ಕೆ 11.7 ಮಿಲಿಗ್ರಾಂ ನೈಟ್ರೇಟ್. ದೊಡ್ಡವರಿಗೆ ಜಂಟಿ ಸಮಿತಿ ಕಟ್ಟಿದ ಮಿತಿ 3.7. ಅದು ಮೂರು ತಿಂಗಳೊಳಗಿನ ಕೂಸಿಗೆ ಸಲ್ಲದು ಎಂದೂ ಸಮಿತಿಯೇ ಹೇಳಿದೆ. ಎರಡು ಅಂಕಿಗಳು ಒಂದಕ್ಕೊಂದು ಕೂಡಿಬಾರದೆ ಇರುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಹೆಚ್ಚುಕಡಿಮೆ ಅರ್ಧದಷ್ಟು ಮಾದರಿಗಳು ಆ 45ನ್ನೇ ಮೀರಿದ್ದವು. ಬೋರ್‌ವೆಲ್ ನೀರನ್ನು ಕುದಿಸಿ ಆರಿಸಿದರೆ ರೋಗಾಣು ಸಾಯುತ್ತದೆ. ನೈಟ್ರೇಟ್ ಹಾಗೇ ಉಳಿಯುತ್ತದೆ, ನೀರು ಆವಿಯಾದಷ್ಟೂ ಇನ್ನಷ್ಟು ದಟ್ಟವಾಗುತ್ತದೆ. ಡಬ್ಬಿಯ ಮೇಲೆ ನೀರು ಕುದಿಸಿ ಎಂದು ಓದಿದ ತಾಯಿಗೆ ಈ ಸುಳಿವು ಸಿಗುವುದಿಲ್ಲ.

ಬೇಕೆಂದು ಬೆರೆಸಿದ್ದು, ತಾನಾಗಿ ಸೇರಿದ್ದು ಎಂಬ ವಿಂಗಡಣೆಯೂ ಕಚೇರಿಗೆ ಅನುಕೂಲವಾದದ್ದು. ಬೆರೆಸಿದವರ ಬಳಿ ದಾಖಲೆ ಕೇಳಬಹುದು, ಕೀಟನಾಶಕದ ಶೇಷಕ್ಕೋ ಭಾರಲೋಹಕ್ಕೋ ಅರ್ಜಿ ಹಾಕುವವರು ಯಾರು? ಕೂಸಿನ ಕಿಡ್ನಿಗೆ ಈ ಭೇದ ತಿಳಿಯದು.

ಅರ್ಜಿದಾರರೇ ಇಲ್ಲದ ವಸ್ತುಗಳು ನಮ್ಮ ಬಾಣಂತನದ ಕೋಣೆಯಲ್ಲೂ ಇವೆ. ನಾಲಿಗೆಗೆ ಸವರುವ ಜೇನುತುಪ್ಪದ ವಿಷಯದಲ್ಲಿ ಅನುಮಾನಕ್ಕೆ ಎಡೆಯಿಲ್ಲ: ಬಾಟುಲಿನಮ್ ಬೀಜಾಣು ಮೊಳೆಯುವ ಅಪಾಯವಿರುವುದರಿಂದ ವರ್ಷ ತುಂಬುವತನಕ ಕೊಡಬಾರದು. ಬಜೆಯದು ಇನ್ನೂ ತೊಡಕಿನದು. ಅದರಲ್ಲಿನ ಬೀಟಾ ಅಸರೋನ್ ಇಲಿಗಳಲ್ಲಿ ಗೆಡ್ಡೆ ತಂದದ್ದರಿಂದ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಿಂದ ಹೊರಗಿಟ್ಟಿತು. ನಮ್ಮ ದೇಶದ ಬಜೆಯಲ್ಲಂತೂ ಆ ಅಂಶ ಹೆಚ್ಚು. ಇಲಿಗಳಿಗೆ ಕೊಟ್ಟ ಪ್ರಮಾಣ ದೊಡ್ಡದು, ದೀರ್ಘಕಾಲದ್ದು. ಅಜ್ಜಿ ಕಲ್ಲಿನ ಮೇಲೆ ಎರಡು ಸುತ್ತು ತೇಯ್ದು ಒಳಲೆಯಲ್ಲಿ ಕುಡಿಸುವುದು ತೊಟ್ಟಿನಷ್ಟು. ಆ ತೊಟ್ಟನ್ನು ಕಿಲೋ ತೂಕಕ್ಕೆ ಇಷ್ಟು ಎಂದು ಲೆಕ್ಕ ಹಾಕಲು ಬೇಕಾದ ವಿಧಾನ ಈ ಮಾರ್ಗಸೂಚಿಯಲ್ಲೇ ಇದೆ. ಒಂದು ಸುತ್ತಿಗೆ ಕಲ್ಲಿನ ಮೇಲೆ ಎಷ್ಟು ಬಜೆ ಇಳಿಯುತ್ತದೆ ಎಂದು ತೂಗುವುದರಿಂದ ನಮ್ಮ ಯಾವ ಪ್ರಯೋಗಾಲಯವಾದರೂ ಶುರು ಮಾಡಬಹುದು.